ಜರ್ಮನಿಯಲ್ಲಿ ಸ್ವಂತವಾಗಿ ಇಂಗ್ಲಿಷ್ ಪಾಠ: ಕುಮಟೆಯಿಂದ ಹೊರಡುವ ಮೊದಲು ಕೆಲವು ಪ್ರಶ್ನೆಗಳು

ಪ್ರಶ್ನೆ: ಕುಮಟೆಯ ಅಕ್ಕೋರು

ಎಲ್ಲರಿಗೂ ನಮಸ್ಕಾರ. ನಾನು ಕುಮಟೆಯ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಒಂಬತ್ತು ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಎಂ.ಎ. ಪದವಿ ಇದೆ, ಬಿ.ಎಡ್. ಆಗಿದೆ. ನನ್ನ ಯಜಮಾನರಿಗೆ ಜರ್ಮನಿಯ ಸ್ಟುಟ್‌ಗಾರ್ಟ್ ಸಮೀಪದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದು, ಅವರು ಬ್ಲೂ ಕಾರ್ಡ್ (ಪದವೀಧರ ನೌಕರರಿಗೆ ಕೊಡುವ ವಾಸದ ಪರವಾನಗಿ) ಪಡೆದು ಈಗಾಗಲೇ ಅಲ್ಲಿದ್ದಾರೆ. ಈ ಶೈಕ್ಷಣಿಕ ವರ್ಷ ಮುಗಿದ ಮೇಲೆ ನಾನೂ ಮಗಳೂ ಅಲ್ಲಿಗೆ ಹೋಗುವವರಿದ್ದೇವೆ.

ಶಾಲೆ ಬಿಟ್ಟು ಹೋಗುವುದು ನನಗೆ ಸುಲಭವಲ್ಲ. ಸಂಜೆ ಐದರ ನಂತರ ನಮ್ಮ ಮನೆಯ ಜಗಲಿಯಲ್ಲಿ ಹತ್ತು ಹನ್ನೆರಡು ಮಕ್ಕಳು ಕುಳಿತಿರುತ್ತಾರೆ. ಹಳದೀಪುರ, ಧಾರೇಶ್ವರದ ಕಡೆಯಿಂದ ಬಸ್ಸು ಹಿಡಿದು ಬರುವವರೂ ಇದ್ದಾರೆ. ಕಲಿಸುವುದನ್ನು ಬಿಟ್ಟು ಸುಮ್ಮನೆ ಮನೆಯಲ್ಲಿ ಕುಳಿತಿರಲು ನನ್ನಿಂದ ಸಾಧ್ಯವಿಲ್ಲ. ಅಲ್ಲಿಯ ಸರ್ಕಾರಿ ಶಾಲೆಗಳಲ್ಲಿ ಕೆಲಸ ಸಿಗಬೇಕಾದರೆ ಜರ್ಮನ್ ಭಾಷೆ ಬಹಳ ಚೆನ್ನಾಗಿ ಬರಬೇಕು, ನಮ್ಮ ಬಿ.ಎಡ್.ಗೆ ಮಾನ್ಯತೆ ಪಡೆಯುವುದೂ ದೀರ್ಘ ಪ್ರಕ್ರಿಯೆ ಎಂದು ಕೇಳಿದ್ದೇನೆ. ಆದ್ದರಿಂದ ಯಾರ ಕೈಕೆಳಗೂ ಅಲ್ಲದೆ, ಸ್ವಂತವಾಗಿ ವಯಸ್ಕರಿಗೆ ಇಂಗ್ಲಿಷ್ ಕಲಿಸಬೇಕೆಂಬ ಯೋಚನೆಯಿದೆ.

ನನಗೆ ತಿಳಿಯಬೇಕಾದದ್ದು ಇಷ್ಟು. ಪತಿಯ ಆಧಾರದ ಮೇಲೆ ಹೋದವಳು ಸ್ವಂತ ಉದ್ಯೋಗ ಮಾಡಲು ಕಾನೂನಿನ ಒಪ್ಪಿಗೆ ಇದೆಯೇ? ತೆರಿಗೆ, ವಿಮೆ ಇವುಗಳನ್ನು ಎಲ್ಲಿಂದ ಆರಂಭಿಸಬೇಕು? ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವ ಪ್ರಶ್ನೆ: ಐದನೆಯ ತರಗತಿಯಲ್ಲಿ ಎಬಿಸಿಡಿ ಕಲಿತ, ಕನ್ನಡ ಮಾಧ್ಯಮದಲ್ಲಿ ಓದಿದ ನನ್ನಂಥವಳ ಬಳಿ ಜರ್ಮನಿಯವರು ಹಣ ಕೊಟ್ಟು ಇಂಗ್ಲಿಷ್ ಕಲಿಯುತ್ತಾರೆಯೇ? ಅನುಭವವಿದ್ದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1: ಶರಾವತಿ ದಡದವಳು

ಅಕ್ಕೋರೇ, ನಾನು ಹೊನ್ನಾವರದವಳು. ಹನ್ನೊಂದು ವರ್ಷಗಳಿಂದ ನೀವು ಹೋಗುತ್ತಿರುವ ಭಾಗದಲ್ಲೇ ಸ್ವತಂತ್ರ ಶಿಕ್ಷಕಿಯಾಗಿ ಇಂಗ್ಲಿಷ್ ಕಲಿಸುತ್ತಿದ್ದೇನೆ. ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಬಂದ ಹೊಸದರಲ್ಲಿ ನನ್ನ ನಿದ್ದೆ ಕೆಡಿಸಿದ್ದೂ ಅದೇ.

ನನ್ನ ಮೊದಲ ವಿದ್ಯಾರ್ಥಿ ಯಂತ್ರಗಳ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದ, ಐವತ್ತು ದಾಟಿದ ಎಂಜಿನಿಯರು. ನಮ್ಮ ಮೇಲಿನ ಮನೆಯಲ್ಲಿದ್ದ ಅಜ್ಜಿ ಅವರನ್ನು ಕರೆತಂದಿದ್ದರು. ನನ್ನ ಉಚ್ಚಾರಣೆ ಇಂಗ್ಲೆಂಡಿನವರದ್ದಲ್ಲ ಎಂದು ನಾನೇ ಮುಂದಾಗಿ ಹೇಳಿಕೊಂಡೆ. ಅವರು ಕೈಚೀಲದಿಂದ ಒಂದು ಪುಸ್ತಕ ತೆಗೆದು, ಅದರಲ್ಲಿ ಬರೆದುಕೊಂಡಿದ್ದ ಪುಣೆಯ ಸಹೋದ್ಯೋಗಿಗಳ ಹೆಸರುಗಳನ್ನು ತೋರಿಸಿ, ವಾರಕ್ಕೆ ಮೂರು ಸಲ ಇವರ ಜೊತೆ ಫೋನಿನಲ್ಲಿ ಮಾತಾಡಬೇಕು, ಅವರು ಹೇಳಿದ್ದು ನನಗೆ ಅರ್ಥವಾಗುವುದಿಲ್ಲ, ನಾನು ಹೇಳಿದ್ದು ಅವರಿಗೆ ಅರ್ಥವಾಗುವುದಿಲ್ಲ, ನನಗೆ ಬೇಕಾಗಿರುವುದು ನೀವೇ ಎಂದರು. ಅವರು ನಾಲ್ಕು ವರ್ಷ ನನ್ನ ಬಳಿ ಕಲಿತರು, ಅವರ ವಿಭಾಗದ ಇನ್ನೂ ಆರು ಮಂದಿ ಅವರ ಮಾತು ಕೇಳಿ ಬಂದರು. ಇಲ್ಲಿಯ ಕಾರ್ಖಾನೆಗಳಲ್ಲಿ ಇಂಗ್ಲಿಷ್ ಬೇಕಾಗಿರುವುದು ಲಂಡನ್ನಿನವರ ಜೊತೆ ಮಾತಾಡಲಿಕ್ಕಿಂತ ಹೆಚ್ಚಾಗಿ ಪೋಲೆಂಡ್, ಚೀನಾ, ಭಾರತ, ಟರ್ಕಿಯವರ ಜೊತೆ ಮಾತಾಡಲಿಕ್ಕೆ. ಆದ್ದರಿಂದ ಆ ಒಂದು ಭಯವನ್ನು ಕುಮಟೆಯಲ್ಲೇ ಬಿಟ್ಟು ಬನ್ನಿ.

ಈಗ ಕಾನೂನಿನ ವಿಷಯ. ಬ್ಲೂ ಕಾರ್ಡ್ ಇರುವವರ ಪತ್ನಿಗೆ ಇಲ್ಲಿ ಕೆಲಸ ಮಾಡಲು ಪೂರ್ಣ ಅನುಮತಿ ಇರುತ್ತದೆ, ಅದರಲ್ಲಿ ಸ್ವಂತ ಉದ್ಯೋಗವೂ ಸೇರುತ್ತದೆ. ನಿಮ್ಮ ವಾಸದ ಪರವಾನಗಿ ಕೈಗೆ ಬಂದ ಕೂಡಲೇ ಅದರ ಮೇಲಿನ ಒಂದು ಪದವನ್ನು ಗಮನಿಸಿ ಓದಿ. 'ಎರ್ವೆರ್ಬ್ಸ್‌ಟೇಟಿಗ್‌ಕೈಟ್' ಎಂದಿದ್ದರೆ ಸಂಬಳದ ಕೆಲಸ, ಸ್ವಂತ ಕೆಲಸ ಎರಡಕ್ಕೂ ಒಪ್ಪಿಗೆ ಇದೆ ಎಂದರ್ಥ. 'ಬೆಶೆಫ್ಟಿಗುಂಗ್' ಎಂದು ಮಾತ್ರ ಇದ್ದರೆ ಅದು ಇನ್ನೊಬ್ಬರ ಕೈಕೆಳಗಿನ ಕೆಲಸಕ್ಕಷ್ಟೇ ಸಲ್ಲುತ್ತದೆ. ನಿಮ್ಮದರಲ್ಲಿ ಮೊದಲನೆಯ ಪದವೇ ಇರಬೇಕು. ತಪ್ಪಿ ಎರಡನೆಯದು ಬಂದಿದ್ದರೆ ಕಚೇರಿಯಲ್ಲಿ ಅಂದೇ ಕೇಳಿ ಸರಿಪಡಿಸಿಕೊಳ್ಳಿ. ಒಂಟಿಯಾಗಿ, ಸ್ವಂತ ಉದ್ಯೋಗಕ್ಕೆಂದೇ ಬರುವವರು ವಾಸದ ಕಾನೂನಿನ 21ನೆಯ ಕಲಮಿನ ಅಡಿಯಲ್ಲಿ ಪ್ರತ್ಯೇಕ ಪರವಾನಗಿ ಪಡೆಯಬೇಕು, 45 ದಾಟಿದ್ದರೆ ವೃದ್ಧಾಪ್ಯದ ಪಿಂಚಣಿಗೆ ಏನು ವ್ಯವಸ್ಥೆ ಎಂಬುದನ್ನೂ ತೋರಿಸಬೇಕು. ನಿಮಗೆ ಆ ತೊಂದರೆ ಇಲ್ಲ.

ಕಲಿಸುವುದನ್ನು ಇಲ್ಲಿ ವ್ಯಾಪಾರವೆಂದು ಪರಿಗಣಿಸುವುದಿಲ್ಲ. ವೈದ್ಯರು, ವಕೀಲರು, ಕಲಾವಿದರ ಹಾಗೆ ಶಿಕ್ಷಕರೂ 'ಫ್ರೈಬೆರುಫ್ಲರ್', ಅಂದರೆ ಸ್ವತಂತ್ರ ವೃತ್ತಿಯವರು. ಅಂಗಡಿಗೆ ಬೇಕಾಗುವಂಥ ವ್ಯಾಪಾರ ನೋಂದಣಿ ನಮಗೆ ಬೇಡ. ಕೆಲಸ ಆರಂಭಿಸಿದ ಒಂದು ತಿಂಗಳೊಳಗೆ 'ಫಿನಾನ್ಸ್‌ಆಮ್ಟ್' ಎಂಬ ತೆರಿಗೆ ಕಚೇರಿಗೆ 'ಎಲ್ಸ್ಟರ್' ಜಾಲತಾಣದ ಮೂಲಕ ಒಂದು ಪ್ರಶ್ನಾವಳಿಯನ್ನು ತುಂಬಿ ಕಳಿಸಬೇಕು, ಅವರು ತೆರಿಗೆ ಸಂಖ್ಯೆಯನ್ನು ಅಂಚೆಯಲ್ಲಿ ಕಳಿಸುತ್ತಾರೆ, ಆ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಬರೆಯಬೇಕು. ಪ್ರಶ್ನಾವಳಿಯಲ್ಲಿ ಮೌಲ್ಯವರ್ಧಿತ ತೆರಿಗೆಯ ಬಗ್ಗೆ ಕೇಳುವಲ್ಲಿ ಸಣ್ಣ ಉದ್ಯಮಿ ಎಂಬ ವಿನಾಯಿತಿಯನ್ನು ಆರಿಸಿಕೊಳ್ಳಿ. 2025ರಿಂದ ಹಿಂದಿನ ವರ್ಷದ ವಹಿವಾಟು 25,000 ಯೂರೋ ಮೀರದವರಿಗೆ ಅದು ಸಿಗುತ್ತದೆ. ಇದೆಲ್ಲ ಒಂದು ಮಧ್ಯಾಹ್ನದ ಕೆಲಸ. ನಾನು ನಿಲ್ಲಿಸಿ, ಒತ್ತಿ ಹೇಳಬೇಕಾದದ್ದು ಮುಂದಿನದು.

ಜರ್ಮನಿಯಲ್ಲಿ ಸ್ವಂತ ಉದ್ಯೋಗ ಮಾಡುವ ಬಹುಪಾಲು ಜನರಿಗೆ ಸರ್ಕಾರಿ ಪಿಂಚಣಿ ವಿಮೆ ಕಡ್ಡಾಯವಲ್ಲ. ಸಾಫ್ಟ್‌ವೇರಿನವರಿಗೆ ಇಲ್ಲ, ಭಾಷಾಂತರಕಾರರಿಗೆ ಇಲ್ಲ. ಆದರೆ ತಾವೇ ದುಡಿಯುವ, ವಿಮೆಯ ವ್ಯಾಪ್ತಿಗೆ ಬರುವ ನೌಕರರನ್ನು ಇಟ್ಟುಕೊಳ್ಳದ ಶಿಕ್ಷಕರಿಗೆ ಕಡ್ಡಾಯ. ಕೆಲಸ ಆರಂಭಿಸಿದ ಮೂರು ತಿಂಗಳೊಳಗೆ ಪಿಂಚಣಿ ವಿಮಾ ಸಂಸ್ಥೆಗೆ ನಾವೇ ತಿಳಿಸಬೇಕು. ಈ ವಿಷಯವನ್ನು ತೆರಿಗೆ ಕಚೇರಿಯವರು ಹೇಳುವುದಿಲ್ಲ, ಆರೋಗ್ಯ ವಿಮೆಯವರು ಕೇಳುವುದಿಲ್ಲ. ನನ್ನ ತೆರಿಗೆ ಸಲಹೆಗಾರರೂ ಸ್ವಂತ ಉದ್ಯೋಗದವರಿಗೆ ಪಿಂಚಣಿ ನಿಮ್ಮ ಇಷ್ಟ ಎಂದೇ ಹೇಳಿದ್ದರು, ನಾನು ನಂಬಿದೆ. ಐದನೆಯ ವರ್ಷ ಒಂದು ಬೆಳಿಗ್ಗೆ ಹಸಿರು ಬಣ್ಣದ ಮುದ್ರೆಯ ಲಕೋಟೆಯೊಂದು ಬಂತು. ಹಿಂದಿನ ನಾಲ್ಕು ವರ್ಷಗಳ ಬಾಕಿಯನ್ನು ಒಟ್ಟಿಗೆ ಕೇಳಿದ್ದರು. ಊರಿನಲ್ಲಿ ಅಪ್ಪನ ಹಳೆಯ ಮನೆಯ ಹಂಚು ಬದಲಿಸಿ, ಹಿಂದಿನ ಗೋಡೆ ಕಟ್ಟಿಸಬೇಕೆಂದು ಕೂಡಿಟ್ಟಿದ್ದ ಹಣ ಪೂರ್ತಿ ಅದಕ್ಕೆ ಹೋಯಿತು, ಸಾಲದೆ ಹದಿನೆಂಟು ತಿಂಗಳ ಕಂತು ಮಾಡಿಕೊಂಡೆ. ಆ ಮಳೆಗಾಲ ಅಪ್ಪ ತಾಡಪಾಲು ಹೊದಿಸಿ ಕಳೆದರು. ನನ್ನ ಹಾಗೆ ಇನ್ನೊಬ್ಬ ಅಕ್ಕೋರಿಗೆ ಆಗಬಾರದು ಎಂಬ ಕಾರಣಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ವಂತಿಗೆಯ ದರ ಶೇ. 18.6. ಸಂಬಳದವರಿಗೆ ಅದರಲ್ಲಿ ಅರ್ಧವನ್ನು ಕಂಪನಿ ಕೊಡುತ್ತದೆ, ನಮಗೆ ಪೂರ್ತಿ ನಮ್ಮದೇ. 2025ರಲ್ಲಿ ನಿಗದಿತ ಸಾಮಾನ್ಯ ವಂತಿಗೆ ತಿಂಗಳಿಗೆ 696 ಯೂರೋ 57 ಸೆಂಟ್. ಗಾಬರಿಯಾಗಬೇಡಿ. ಹೊಸದಾಗಿ ಆರಂಭಿಸುವವರು ಮೊದಲ ಮೂರು ವರ್ಷ ಅದರ ಅರ್ಧ ಮಾತ್ರ ಕಟ್ಟಬಹುದು, ಇಲ್ಲವೇ ನಿಜವಾದ ಲಾಭದ ಮೇಲೆ ಲೆಕ್ಕ ಹಾಕಿಸಿಕೊಳ್ಳಬಹುದು. ತಿಂಗಳ ಲಾಭ 556 ಯೂರೋ ಮೀರದಿದ್ದರೆ ಕಡ್ಡಾಯವೇ ಇಲ್ಲ. ಅದೂ 2025ರ ಮಿತಿ, ಈ ಅಂಕಿಗಳು ವರ್ಷಕ್ಕೊಮ್ಮೆ ಬದಲಾಗುತ್ತವೆ.

ಆರೋಗ್ಯ ವಿಮೆಯಲ್ಲಿ ಇದಕ್ಕಿಂತ ಸ್ವಲ್ಪ ಬೇರೆಯ ಗಡಿಯಿದೆ. ನಿಮ್ಮ ಯಜಮಾನರು ಸರ್ಕಾರಿ ವ್ಯವಸ್ಥೆಯ ಆರೋಗ್ಯ ವಿಮೆಯಲ್ಲಿದ್ದರೆ ನೀವೂ ಮಗಳೂ ಅದರಲ್ಲೇ ಉಚಿತವಾಗಿ ಸೇರುತ್ತೀರಿ. ಆದರೆ ನಿಮ್ಮ ಆದಾಯ 2025ರ ಲೆಕ್ಕದಲ್ಲಿ ತಿಂಗಳಿಗೆ 535 ಯೂರೋ ದಾಟಿದರೆ, ಅಥವಾ ಪಾಠವೇ ನಿಮ್ಮ ಮುಖ್ಯ ಉದ್ಯೋಗ ಎಂದು ವಿಮಾ ಸಂಸ್ಥೆ ತೀರ್ಮಾನಿಸಿದರೆ, ನೀವು ಬೇರೆಯಾಗಿ ವಿಮೆ ಮಾಡಿಸಿಕೊಳ್ಳಬೇಕು. ಆಗ ದೀರ್ಘಕಾಲದ ಆರೈಕೆಯ ವಿಮೆಯನ್ನೂ ಸೇರಿಸಿ ಲಾಭದ ಸುಮಾರು ಐದನೆಯ ಒಂದು ಭಾಗ ಅದಕ್ಕೆ ಹೋಗುತ್ತದೆ.

ಇದನ್ನೆಲ್ಲ ಒಂದು ವರ್ಷದ ಲೆಕ್ಕದಲ್ಲಿ ನೋಡೋಣ. ವಾರಕ್ಕೆ 20 ಪಾಠ, ಒಂದು ಪಾಠವೆಂದರೆ ಇಲ್ಲಿ 45 ನಿಮಿಷ, ಪಾಠಕ್ಕೆ 28 ಯೂರೋ ಎಂದಿಟ್ಟುಕೊಳ್ಳಿ. ವರ್ಷಕ್ಕೆ 52 ವಾರ ಎಂದು ಗುಣಿಸಬೇಡಿ. ಆಗಸ್ಟಿನಲ್ಲಿ ಊರಿಗೆ ಊರೇ ರಜೆಯಲ್ಲಿರುತ್ತದೆ, ಕ್ರಿಸ್‌ಮಸ್ಸಿಗೆ ಎರಡು ವಾರ ಯಾರೂ ಬರುವುದಿಲ್ಲ, ನಿಮಗೂ ಜ್ವರ ಬರುತ್ತದೆ, ಮಗಳಿಗೂ ಬರುತ್ತದೆ; 40 ವಾರ ಸಿಕ್ಕರೆ ಒಳ್ಳೆಯ ವರ್ಷ. ಒಟ್ಟು 22,400 ಯೂರೋ ಆಯಿತು. ಪಿಂಚಣಿಗೆ 4,166, ಆರೋಗ್ಯ ವಿಮೆಗೆ ಸುಮಾರು 4,480 ಕಳೆದರೆ ಉಳಿಯುವುದು 13,754, ಅಂದರೆ ತಿಂಗಳಿಗೆ 1,146 ಯೂರೋ. ರೈಲು, ಪುಸ್ತಕ, ಇಂಟರ್ನೆಟ್ಟಿನ ಖರ್ಚನ್ನು ಇದರಲ್ಲಿ ಹಿಡಿದಿಲ್ಲ, ಯಜಮಾನರ ಜೊತೆ ಸೇರಿಸಿ ಲೆಕ್ಕ ಹಾಕುವ ಆದಾಯ ತೆರಿಗೆಯನ್ನೂ ಹಿಡಿದಿಲ್ಲ. ಊರಿನವರಿಗೆ 28 ಯೂರೋ ಎಂದರೆ ಎರಡೂವರೆ ಸಾವಿರಕ್ಕೂ ಹೆಚ್ಚು ರೂಪಾಯಿಯಾಗಿ ಕಾಣುತ್ತದೆ, ನನಗೂ ಹಾಗೆಯೇ ಕಂಡಿತ್ತು. ನಿಜವಾಗಿ ಕೈಗೆ ಬರುವುದು ಅದರ ಅರ್ಧಕ್ಕಿಂತ ಸ್ವಲ್ಪ ಮೇಲೆ. ಜಗಲಿಯ ಟ್ಯೂಷನ್ನಿನಲ್ಲಿ ಬಂದ ಹಣ ಎಲ್ಲವೂ ಬಂದ ಹಣವೇ. ಇಲ್ಲಿ ಹಾಗಲ್ಲ, ಆದ್ದರಿಂದ ದರ ಹೇಳುವ ಮೊದಲೇ ಈ ಲೆಕ್ಕ ತಲೆಯಲ್ಲಿರಬೇಕು.

ಆರಂಭದಲ್ಲಿ ವಿದ್ಯಾರ್ಥಿಗಳು ಸಿಗುವುದು ಹೇಗೆಂದರೆ, ಬಹುತೇಕ ಊರುಗಳಲ್ಲಿ 'ಫೋಲ್ಕ್ಸ್‌ಹೋಖ್‌ಶೂಲೆ' ಎಂಬ ವಯಸ್ಕರ ಶಿಕ್ಷಣ ಕೇಂದ್ರ ಇರುತ್ತದೆ. ಬಹಳಷ್ಟು ಕಡೆ ಅಲ್ಲಿಯ ಭಾಷಾ ಶಿಕ್ಷಕರು ನಮ್ಮಂಥ ಸ್ವತಂತ್ರರೇ. ದರ ಕಡಿಮೆ, ಆದರೆ ಕೊಠಡಿ ಅವರದ್ದು, ಹೆಸರು ನೋಂದಾಯಿಸುವುದು ಅವರ ಕೆಲಸ, ಒಂದೇ ಋತುವಿನಲ್ಲಿ ಊರಿನ ಮೂವತ್ತು ಜನರ ಪರಿಚಯವಾಗುತ್ತದೆ. ಶರತ್ಕಾಲದ ತರಗತಿಗಳಿಗೆ ತಿಂಗಳುಗಟ್ಟಲೆ ಮೊದಲೇ ಕಾರ್ಯಕ್ರಮ ಸಿದ್ಧವಾಗುತ್ತದೆ, ಆದ್ದರಿಂದ ಬಂದ ಕೂಡಲೇ ಹೋಗಿ ಮಾತಾಡಿ. ಕಂಪನಿಗಳಿಗೆ ಶಿಕ್ಷಕರನ್ನು ಕಳಿಸುವ ಭಾಷಾ ಸಂಸ್ಥೆಗಳೂ ಇವೆ. ಅವರ ಒಪ್ಪಂದದಲ್ಲಿ ಪಾಠ ರದ್ದಾದರೆ ಯಾರು ಹಣ ಕೊಡಬೇಕು ಎಂಬ ಸಾಲನ್ನು ಹುಡುಕಿ ಓದಿ. ನನ್ನ ಸ್ವಂತ ವಿದ್ಯಾರ್ಥಿಗಳಿಗೆ 24 ಗಂಟೆ ಮೊದಲು ತಿಳಿಸದಿದ್ದರೆ ಪೂರ್ತಿ ಶುಲ್ಕ ಎಂದು ಮೊದಲ ದಿನವೇ ಬರೆದುಕೊಡುತ್ತೇನೆ. ಹೀಗೆ ಬರೆಯಲು ನನಗೆ ಬಹಳ ಸಂಕೋಚವಿತ್ತು. ಇಲ್ಲಿಯವರು ಅದನ್ನು ತಪ್ಪು ತಿಳಿಯುವುದಿಲ್ಲ, ಸಹಿ ಮಾಡಿ ಒಂದು ಪ್ರತಿ ಇಟ್ಟುಕೊಳ್ಳುತ್ತಾರೆ.

ಇನ್ನೊಂದು ಬೆಳವಣಿಗೆ ಗೊತ್ತಿರಲಿ. 2022ರ ಜೂನ್ 28ರಂದು ಇಲ್ಲಿಯ ಕೇಂದ್ರ ಸಾಮಾಜಿಕ ನ್ಯಾಯಾಲಯವು ಹೆರೆನ್‌ಬರ್ಗ್ ಎಂಬ ಊರಿನ ಸಂಗೀತ ಶಾಲೆಯ ಶಿಕ್ಷಕಿಯ ಪ್ರಕರಣದಲ್ಲಿ, ಸಂಸ್ಥೆಯ ಕೊಠಡಿಯಲ್ಲಿ, ಸಂಸ್ಥೆಯ ವೇಳಾಪಟ್ಟಿಗೆ, ಸಂಸ್ಥೆಯ ವಿದ್ಯಾರ್ಥಿಗಳಿಗೆ ಕಲಿಸುವವರು ಸ್ವತಂತ್ರರಲ್ಲ, ನೌಕರರೇ ಎಂಬ ಅರ್ಥದ ತೀರ್ಪು ಕೊಟ್ಟಿತು. ಅಂದಿನಿಂದ ಸಂಸ್ಥೆಗಳು ಎಚ್ಚರವಾಗಿವೆ, ಕೆಲವು ಕಡೆ ಸ್ವತಂತ್ರ ಶಿಕ್ಷಕರನ್ನು ನೌಕರರನ್ನಾಗಿ ಮಾಡಿಕೊಳ್ಳುತ್ತಿದ್ದಾರೆ. ಯಾರಾದರೂ ನಿಮಗೆ ಅರೆಕಾಲಿಕ ನೌಕರಿ ಕೊಡುತ್ತೇವೆ ಎಂದರೆ ಸ್ವಾತಂತ್ರ್ಯ ಹೋಯಿತೆಂದು ಬೇಸರಪಡದೆ ಯೋಚಿಸಿ. ಅರ್ಧ ವಿಮೆ ಅವರದ್ದಾಗುತ್ತದೆ, ರಜೆಗೂ ಸಂಬಳ ಬರುತ್ತದೆ.

ಉತ್ತರ 2: ಶಿರಸಿಯ ಹಳೆಯ ಮಾಸ್ತರು

ಮಗಳೇ, ನಾನು ಶಿರಸಿಯಲ್ಲಿರುವ ನಿವೃತ್ತ ಇಂಗ್ಲಿಷ್ ಉಪನ್ಯಾಸಕ. ಜರ್ಮನಿಯ ಕಾನೂನನ್ನು ಹೊನ್ನಾವರದ ತಂಗಿ ಚೆನ್ನಾಗಿ ತಿಳಿಸಿದ್ದಾರೆ. ಕನ್ನಡ ಮಾಧ್ಯಮದವಳು ಎಂಬ ನಿನ್ನ ಅಳುಕಿನ ಬಗ್ಗೆ ನಾನು ಎರಡು ಮಾತು ಹೇಳುತ್ತೇನೆ.

ಅಳುಕಿಗೆ ಕಾರಣವೇ ಇಲ್ಲ ಎಂದು ಹೇಳಲಾರೆ. ದಕ್ಷಿಣ ಕೊರಿಯಾದಲ್ಲಿ ಭಾಷಾ ಶಿಕ್ಷಕರಿಗೆ ಕೊಡುವ ಇ-2 ವೀಸಾ ಇಂಗ್ಲಿಷಿನ ಮಟ್ಟಿಗೆ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಈ ಏಳು ದೇಶಗಳವರಿಗೆ ಬಹುಮಟ್ಟಿಗೆ ಮೀಸಲಾಗಿದೆ. ಎಷ್ಟು ಚೆನ್ನಾಗಿ ಕಲಿಸುತ್ತೀಯೆ ಎಂಬುದನ್ನು ಅಲ್ಲಿ ಕೇಳುವ ಮೊದಲೇ ಪಾಸ್‌ಪೋರ್ಟಿನ ಬಣ್ಣ ನೋಡುತ್ತಾರೆ. ಜರ್ಮನಿಯಲ್ಲಿ ಅಂಥ ಕಾನೂನು ಇಲ್ಲ ಎನ್ನುವುದು ನಿನ್ನ ಭಾಗ್ಯ. ಜನರ ಮನಸ್ಸಿನಲ್ಲಿರುವ ಸಂಶಯವನ್ನು ಪಾಠದಿಂದಲೇ ಕಳೆಯಬೇಕು, ಮತ್ತು ಅದಕ್ಕೆ ನಿನ್ನ ಕನ್ನಡವೇ ಬಂಡವಾಳ.

ಒಂದು ಉದಾಹರಣೆ ಕೊಡುತ್ತೇನೆ. "ಮೂರು ವರ್ಷದಿಂದ ಇಲ್ಲಿದ್ದೇನೆ" ಎಂದು ನಾವು ವರ್ತಮಾನ ಕಾಲದಲ್ಲಿ ಹೇಳುತ್ತೇವೆ. ಅದನ್ನೇ ಇಂಗ್ಲಿಷಿಗೆ ಹಾಕಿ ನಮ್ಮ ಮಕ್ಕಳು "ಐ ಆ್ಯಮ್ ಹಿಯರ್ ಸಿನ್ಸ್ ತ್ರೀ ಇಯರ್ಸ್" ಎಂದು ಬರೆಯುತ್ತಾರೆ, ನಾವು ಕೆಂಪು ಶಾಯಿಯಿಂದ ತಿದ್ದುತ್ತೇವೆ. ಜರ್ಮನ್ ಭಾಷೆಯೂ ಇಲ್ಲಿ ವರ್ತಮಾನ ಕಾಲವನ್ನೇ ಬಳಸುತ್ತದೆ: "ಇಶ್ ಬಿನ್ ಝೈಟ್ ದ್ರೈ ಯಾರೆನ್ ಹಿಯರ್". ಆದ್ದರಿಂದ ಜರ್ಮನಿಯ ವಿದ್ಯಾರ್ಥಿ ಮಾಡುವ ತಪ್ಪು ಅಕ್ಷರಶಃ ನಮ್ಮ ಎಸ್ಸೆಸ್ಸೆಲ್ಸಿ ಹುಡುಗನ ತಪ್ಪೇ. ಇಂಗ್ಲಿಷನ್ನು ತೊಟ್ಟಿಲಿನಲ್ಲೇ ಕಲಿತವನಿಗೆ ಅಲ್ಲಿ ಕಷ್ಟವೇನಿದೆ ಎಂದೇ ಗೊತ್ತಾಗುವುದಿಲ್ಲ. ನೀನಾದರೆ ಆ ತಪ್ಪನ್ನು ಮಾಡಿ, ಬೈಸಿಕೊಂಡು, ತಿದ್ದಿಕೊಂಡು, ಒಂಬತ್ತು ವರ್ಷ ಇನ್ನೊಬ್ಬರದ್ದನ್ನು ತಿದ್ದಿದವಳು.

ನೀನು ಹೋಗುವ ಮೊದಲು ನಿನ್ನಲ್ಲೇ ತಿದ್ದಿಕೊಳ್ಳಬೇಕಾದದ್ದೂ ಒಂದಿದೆ. ಪಶ್ಚಿಮ ದಿಕ್ಕಿಗೂ, ಅಂಗಿಯೊಳಗೆ ತೊಡುವ ಬನಿಯನ್ನಿಗೂ ಕನ್ನಡದಲ್ಲಿ 'ವೆಸ್ಟ್' ಎಂದು ಒಂದೇ ರೀತಿ ಬರೆಯುತ್ತೇವೆ, ಏಕೆಂದರೆ ನಮಗೆ ಇರುವುದು ಒಂದೇ ವಕಾರ. ಇಂಗ್ಲಿಷಿನಲ್ಲಿ ಒಂದಕ್ಕೆ ತುಟಿಗಳನ್ನು ದುಂಡಗೆ ಮಾಡಬೇಕು, ಇನ್ನೊಂದಕ್ಕೆ ಮೇಲಿನ ಹಲ್ಲು ಕೆಳದುಟಿಗೆ ತಾಗಬೇಕು. ಜರ್ಮನಿಯವರೂ ಇದೇ ಜಾಗದಲ್ಲಿ ಎಡವುತ್ತಾರೆ, ಆದ್ದರಿಂದ ನೀನೇ ಎಡವಿದರೆ ಅವರನ್ನು ಎತ್ತುವವರಿಲ್ಲ. ಕನ್ನಡಿಯ ಮುಂದೆ ನಿಂತು ದಿನಕ್ಕೆ ಹತ್ತು ನಿಮಿಷ, ಒಂದು ತಿಂಗಳು ಅಭ್ಯಾಸ ಮಾಡು. 'ಎಗ್' ಎನ್ನುವಲ್ಲಿ 'ಯೆಗ್' ಎನ್ನುವ ನಮ್ಮ ಅಭ್ಯಾಸವನ್ನೂ ಗಮನಿಸು. ಉಳಿದಂತೆ ನಿನ್ನ ಉಚ್ಚಾರಣೆ ನಿನ್ನದಾಗಿಯೇ ಇರಲಿ.

ಸಾಧ್ಯವಾದರೆ ಕೇಂಬ್ರಿಜ್‌ನ ಸೆಲ್ಟಾ ಎಂಬ, ದೊಡ್ಡವರಿಗೆ ಇಂಗ್ಲಿಷ್ ಕಲಿಸುವವರ ಪ್ರಮಾಣಪತ್ರ ಮಾಡಿಕೊ. ಸುಮಾರು 120 ಗಂಟೆಗಳ ತರಬೇತಿ, ಅದರಲ್ಲಿ ಆರು ಗಂಟೆ ನಿಜವಾದ ವಯಸ್ಕ ವಿದ್ಯಾರ್ಥಿಗಳಿಗೆ ತರಬೇತುದಾರರ ಎದುರು ಕಲಿಸಬೇಕು. ಬಿ.ಎಡ್.ನಲ್ಲಿ ನಾವು ಕಲಿತದ್ದು ನಲವತ್ತು ಮಕ್ಕಳ ತರಗತಿಯನ್ನು ನಡೆಸುವುದು. ಹಗಲಿಡೀ ದುಡಿದು ಸಂಜೆ ಬಂದು ಕುಳಿತ ಐದು ದೊಡ್ಡವರ ಬಾಯಿ ಬಿಡಿಸುವುದು ಬೇರೆಯೇ ವಿದ್ಯೆ. ತರಗತಿಯಲ್ಲಿ ನೀನು ಕಡಿಮೆ ಮಾತಾಡಬೇಕು, ಅವರು ಹೆಚ್ಚು ಮಾತಾಡಬೇಕು. ಮೂವತ್ತು ವರ್ಷ ನಿಂತು ಉಪನ್ಯಾಸ ಕೊಟ್ಟ ನನಗೆ ಅದು ನಿವೃತ್ತಿಯ ನಂತರ ಆನ್‌ಲೈನಿನಲ್ಲಿ ದೊಡ್ಡವರಿಗೆ ಕಲಿಸಲು ಕುಳಿತಾಗಲೇ ತಿಳಿದದ್ದು. ಕ್ರಿಯಾಪದದ ರೂಪಗಳನ್ನು ಇಪ್ಪತ್ತು ನಿಮಿಷ ವಿವರಿಸಿದ ಮೇಲೆ, ಎದುರಿಗಿದ್ದ ಹೆಣ್ಣುಮಗಳು ಬಹಳ ವಿನಯದಿಂದ, ಸರ್, ಈಗ ನಾನು ಮಾತಾಡಬಹುದೇ ಎಂದು ಕೇಳಿದರು. ಆ ದಿನದಿಂದ ಪ್ರತಿ ಪಾಠಕ್ಕೂ ಮೇಜಿನ ಮೇಲೆ ಗಡಿಯಾರ ಇಟ್ಟುಕೊಂಡು ನನ್ನ ಮಾತನ್ನು ಅಳೆಯುತ್ತೇನೆ.

ಉತ್ತರ 3: ಭಟ್ಕಳದಿಂದ ಶಾರ್ಜಾಕ್ಕೆ

ಪ್ರಶ್ನೆ ಜರ್ಮನಿಯದಾದರೂ, ನಮ್ಮ ಕರಾವಳಿಯಿಂದ ಕೊಲ್ಲಿಗೆ ಬಂದವರೇ ಹೆಚ್ಚು ಇರುವುದರಿಂದ ಇಲ್ಲಿಯದನ್ನೂ ಒಂದಿಷ್ಟು ಸೇರಿಸುತ್ತೇನೆ. ನಾನು ಶಾರ್ಜಾದ ಶಾಲೆಯೊಂದರಲ್ಲಿ ಶಿಕ್ಷಕ.

ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಮನೆಪಾಠ ಬಹಳ ಕಾಲ ಕದ್ದುಮುಚ್ಚಿ ನಡೆಯುತ್ತಿತ್ತು. ಮನೆಯಿಂದ ಮನೆಗೆ ಹೋಗುವಾಗ ಕಟ್ಟಡದ ಕಾವಲುಗಾರ ಕೇಳಿದರೆ ಸಂಬಂಧಿಕರ ಮನೆ ಎನ್ನುತ್ತಿದ್ದೆ, ಮತ್ತು ಶಿಕ್ಷಕನಾದವನು ಹೀಗೆ ಸುಳ್ಳು ಹೇಳುವುದು ನನಗೆ ಪ್ರತಿ ಸಲವೂ ಮನಸ್ಸಿಗೆ ಚುಚ್ಚುತ್ತಿತ್ತು. 2023ರ ಡಿಸೆಂಬರಿನಲ್ಲಿ ಮಾನವ ಸಂಪನ್ಮೂಲ ಸಚಿವಾಲಯ ಮತ್ತು ಶಿಕ್ಷಣ ಸಚಿವಾಲಯ ಸೇರಿ ಖಾಸಗಿ ಶಿಕ್ಷಕರ ಪರವಾನಗಿಯನ್ನು ತಂದವು. ಅದಕ್ಕೆ ಶುಲ್ಕವಿಲ್ಲ, ಎರಡು ವರ್ಷದ ಅವಧಿ, ನೀತಿಸಂಹಿತೆಗೆ ಸಹಿ ಮಾಡಬೇಕು. ಶಾಲೆಯಲ್ಲಿ ಕೆಲಸ ಮಾಡುವವರು ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಉದ್ಯೋಗವಿಲ್ಲದವರೂ, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ಗಂಡನ ವೀಸಾದ ಮೇಲೆ ಬಂದು, ಪದವಿ ಇದ್ದೂ ಮನೆಯಲ್ಲೇ ಇರುವ ನಮ್ಮ ಕಡೆಯ ಅನೇಕ ಹೆಣ್ಣುಮಕ್ಕಳಿಗೆ ಇದು ಇನ್ನೂ ಗೊತ್ತಿಲ್ಲ, ಅದಕ್ಕಾಗಿಯೇ ಬರೆದೆ.

ಇಲ್ಲಿಗೆ ಬರುವವರು ಪದವಿ ಪತ್ರಗಳ ದೃಢೀಕರಣವನ್ನು ಊರಿನಲ್ಲಿರುವಾಗಲೇ ಮುಗಿಸಿಕೊಳ್ಳಿ. ಸಂಯುಕ್ತ ಅರಬ್ ಸಂಸ್ಥಾನವು ಅಪೋಸ್ಟಿಲ್ ಒಪ್ಪಂದದಲ್ಲಿ (ಒಂದೇ ಮುದ್ರೆಯ ದಾಖಲೆಯನ್ನು ದೇಶಗಳು ಪರಸ್ಪರ ಒಪ್ಪುವ ವ್ಯವಸ್ಥೆ) ಇಲ್ಲದ ಕಾರಣ ನಮ್ಮ ವಿದೇಶಾಂಗ ಸಚಿವಾಲಯದ ಮುದ್ರೆಯೊಂದೇ ಸಾಲದು, ಅವರ ದೂತಾವಾಸದ ದೃಢೀಕರಣವೂ ಬೇಕು.

ಮಾಸ್ತರು ಹೇಳಿದ ಮಾತಿಗೆ ನನ್ನದೊಂದು ಸೇರ್ಪಡೆ. "ಇವರು ನಮ್ಮ ಮೇಷ್ಟ್ರು" ಎನ್ನುವಾಗ ಕನ್ನಡದಲ್ಲಿ ಕ್ರಿಯಾಪದವೇ ಇರುವುದಿಲ್ಲ, ಅರಬ್ಬಿಯಲ್ಲಿಯೂ ಇರುವುದಿಲ್ಲ. ಈಜಿಪ್ಟಿನ ಒಬ್ಬ ಹುಡುಗ "ಹೀ ಟೀಚರ್" ಎಂದು ಬರೆದಾಗ ಅವನ ತಂದೆ ಗದರಿದರು. ನಿಮ್ಮ ಭಾಷೆಯಲ್ಲಿಯೂ ನನ್ನ ಭಾಷೆಯಲ್ಲಿಯೂ ಈ ಸ್ಥಾನ ಖಾಲಿಯೇ ಇರುತ್ತದೆ, ಇಂಗ್ಲಿಷಿನಲ್ಲಿ ಅಲ್ಲಿ ಒಂದು ಗೂಟ ನೆಡಬೇಕು ಎಂದು ನಾನು ಹೇಳಿದೆ. ಹುಡುಗ ಆಮೇಲೆ ಬರೆದ ಪ್ರತಿ ವಾಕ್ಯದಲ್ಲೂ ಆ ಜಾಗದ ಕೆಳಗೆ ಪೆನ್ಸಿಲಿನಿಂದ ಸಣ್ಣ ಗೂಟ ಬರೆಯುತ್ತಿದ್ದ.

ಮರುಪ್ರಶ್ನೆ: ಕುಮಟೆಯ ಅಕ್ಕೋರು

ಮೂವರಿಗೂ ಮನಸಾರೆ ಧನ್ಯವಾದ. ಮಾಸ್ತರು ಹೇಳಿದ 'ವೆಸ್ಟ್' ಅಭ್ಯಾಸವನ್ನು ಇವತ್ತು ಬೆಳಿಗ್ಗೆಯೇ ಮಗಳ ಜೊತೆ ಆರಂಭಿಸಿದ್ದೇನೆ. ಹೊನ್ನಾವರದ ಅಕ್ಕನಿಗೆ ಒಂದು ಪ್ರಶ್ನೆ ಉಳಿದಿದೆ. ಪಿಂಚಣಿ ಪಡೆಯಲು ಅಲ್ಲಿ ಕನಿಷ್ಠ ಎಷ್ಟು ವರ್ಷ ಕಟ್ಟಬೇಕು? ನಾವು ಮೂರು ನಾಲ್ಕು ವರ್ಷದಲ್ಲಿ ಊರಿಗೆ ಮರಳಿದರೆ ಕಟ್ಟಿದ ಹಣ ಸುಮ್ಮನೆ ಹೋದಂತೆಯೇ? ನನ್ನ ಶಾಲೆಯಲ್ಲಿ ಒಂಬತ್ತು ವರ್ಷ ಪಿಎಫ್ ಕಡಿತವಾಗಿದೆ. ಹೊರಡುವ ಮೊದಲು ಅದನ್ನು ತೆಗೆದು ಟಿಕೆಟ್ ಮತ್ತು ಚಳಿಗಾಲದ ಬಟ್ಟೆಗಳ ಖರ್ಚಿಗೆ ಬಳಸಬೇಕೆಂದಿದ್ದೆ.

ಉತ್ತರ 4: ಶರಾವತಿ ದಡದವಳು

ಅಕ್ಕೋರೇ, ಆ ಅರ್ಜಿಯನ್ನು ಸದ್ಯಕ್ಕೆ ಹಾಕಬೇಡಿ. ಇಲ್ಲಿ ವೃದ್ಧಾಪ್ಯ ಪಿಂಚಣಿಗೆ ಕನಿಷ್ಠ ಐದು ವರ್ಷದ ವಂತಿಗೆ ಬೇಕು. ಆದರೆ ಭಾರತ ಮತ್ತು ಜರ್ಮನಿಯ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ, ಅದರಂತೆ ಆ ಐದು ವರ್ಷದ ಅರ್ಹತೆಯನ್ನು ಲೆಕ್ಕ ಹಾಕುವಾಗ ಭಾರತದಲ್ಲಿ ಭವಿಷ್ಯ ನಿಧಿಯ ಪಿಂಚಣಿ ಯೋಜನೆಯಲ್ಲಿದ್ದ ಅವಧಿಯನ್ನೂ ಸೇರಿಸಿಕೊಳ್ಳುತ್ತಾರೆ. ಪಿಂಚಣಿಯ ಮೊತ್ತ ಇಲ್ಲಿ ಕಟ್ಟಿದಷ್ಟಕ್ಕೇ ಸಿಗುತ್ತದೆ, ಆದರೆ ಸಿಗುವ ಅರ್ಹತೆ ಉಳಿಯುತ್ತದೆ. ಊರಿಗೆ ಮರಳಿದ ಮೇಲೆ ಕುಮಟೆಯಲ್ಲಿದ್ದುಕೊಂಡೇ ಅದನ್ನು ಪಡೆಯಬಹುದು.

ನಿಮ್ಮದು ಒಂಬತ್ತು ವರ್ಷ, ಅಂದರೆ ನಮ್ಮ ಪಿಎಫ್ ಪಿಂಚಣಿ ಸಿಗಲು ಬೇಕಾದ ಹತ್ತು ವರ್ಷಕ್ಕೆ ಒಂದು ಕಡಿಮೆ. ಇಂಥವರು ಸಾಮಾನ್ಯವಾಗಿ ಫಾರ್ಮ್ 10ಸಿ ತುಂಬಿ ಪಿಂಚಣಿಯ ಪಾಲಿನ ಹಣವನ್ನು ತೆಗೆದುಬಿಡುತ್ತಾರೆ, ಹಾಗೆ ತೆಗೆದರೆ ಆ ಒಂಬತ್ತು ವರ್ಷದ ಸೇವೆಯನ್ನೇ ಕೈಬಿಟ್ಟಂತಾಗುತ್ತದೆ. ಅದೇ ಫಾರ್ಮಿನಲ್ಲಿ ಹಣದ ಬದಲು, ಆ ಸೇವೆಯನ್ನು ದಾಖಲೆಯಾಗಿ ಉಳಿಸುವ ಯೋಜನಾ ಪ್ರಮಾಣಪತ್ರವನ್ನು ಕೇಳುವ ಅವಕಾಶವಿದೆ. ಶಾಲೆ ಬಿಟ್ಟ ಮೇಲೆ ಅದನ್ನೇ ಕೇಳಿ. ನಾನು ಹೊನ್ನಾವರ ಬಿಡುವಾಗ ಇದನ್ನು ಹೇಳುವವರಿರಲಿಲ್ಲ, ನನ್ನ ಆರು ವರ್ಷ ಹಾಗೆಯೇ ಹೋಯಿತು.

ಚಳಿಗಾಲದ ಬಟ್ಟೆಗೆ ಅಲ್ಲಿ ಹಣ ಹಾಕಬೇಡಿ. ನಮ್ಮೂರಿನ ಅಂಗಡಿಯ ಸ್ವೆಟರು ಇಲ್ಲಿಯ ನವೆಂಬರಿಗೆ ಸಾಲದು, ಮಗಳ ಅಳತೆಯದ್ದು ಇಲ್ಲಿ ಬಳಸಿದ ಬಟ್ಟೆಗಳ ಅಂಗಡಿಯಲ್ಲಿ ಅಗ್ಗವಾಗಿ ಸಿಗುತ್ತದೆ, ನಾನೇ ಜೊತೆಗೆ ಬರುತ್ತೇನೆ. ಅದರ ಬದಲು ಕೈಚೀಲದಲ್ಲಿ ಎಂ.ಎ. ಮತ್ತು ಬಿ.ಎಡ್. ಮೂಲ ಪತ್ರಗಳು, ಮದುವೆ ನೋಂದಣಿ ಪತ್ರ, ಪಿಎಫ್‌ನ ಯುಎಎನ್ ಸಂಖ್ಯೆ, ಮತ್ತು ಶಾಲೆಯ ಮುಖ್ಯೋಪಾಧ್ಯಾಯರಿಂದ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಯಾವ ತರಗತಿಗೆ, ವಾರಕ್ಕೆ ಎಷ್ಟು ಪಾಠ ಮಾಡಿದ್ದೀರಿ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಸಿಕೊಂಡ ಅನುಭವ ಪತ್ರ ಇರಲಿ. ಬೇಸಿಗೆ ರಜೆಗೆ ಶಾಲೆಯ ಕಚೇರಿ ಮುಚ್ಚುವ ಮೊದಲೇ ಆ ಪತ್ರಕ್ಕೆ ಮುದ್ರೆ ಹಾಕಿಸಿಕೊಳ್ಳಿ.